ಹುಟ್ಟು ನಿಲ್ಲಲಿ, ದೋಣಿ ಸಾಗಲಿ

(ಕಯಾಕಿಂಗ್ ಕಲಿಯುತ್ತಿರುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಹಂಪಿಯಲ್ಲೋ ತಲಕಾಡಿನಲ್ಲೋ ಹರಿಗೋಲು ಹತ್ತಿದ್ದರೆ ಅಂಬಿಗನ ಕೈಯನ್ನೊಮ್ಮೆ ನೆನಪು ಮಾಡಿಕೊಳ್ಳಿ. ಅವನು ಬದಿಯಲ್ಲಿ ಹುಟ್ಟು ಹಾಕುವುದಿಲ್ಲ. ಹೋಗಬೇಕಾದ ಕಡೆಗೆ ಮುಖ ಮಾಡಿ ಮುಂದಿನ ಅಂಚಿನಲ್ಲಿ ಕೂತು, ಹುಟ್ಟನ್ನು ತನ್ನೆದುರಿಗೇ ನೀರಿಗಿಳಿಸಿ ತನ್ನತ್ತ ತಂದುಕೊಳ್ಳುತ್ತಾನೆ. ಹರಿಗೋಲು ಬುಟ್ಟಿಯಂತೆ ದುಂಡಗೆ. ಬದಿಯಲ್ಲಿ ಹುಟ್ಟು ಹಾಕಿದರೆ ಅದು ಬುಗುರಿಯಾಗುತ್ತದೆ, ಮುಂದೆ ಹೋಗುವುದಿಲ್ಲ. ಪ್ರವಾಸಿಗರು ಕಿರುಚಲಿ ಅಂತ ಬೇಕೆಂದೇ ಹಾಗೆ ತಿರುಗಿಸುವುದೂ ಉಂಟು, ಅದು ಬೇರೆ ಮಾತು.

ಆಳ ಕಡಿಮೆ ಇರುವ ಕಡೆ ಗಳ ಹಾಕುವವರನ್ನೂ ನೋಡಿರುತ್ತೀರಿ. ಬಿದಿರಿನ ಗಳವನ್ನು ತಳದ ಕೆಸರಿಗೆ ಊರಿ ಮೈಭಾರ ಹಾಕುತ್ತಾರೆ. ಗಳ ಊರಿದಲ್ಲೇ ನಿಂತಿರುತ್ತದೆ, ದೋಣಿ ಅದನ್ನು ದಾಟಿಕೊಂಡು ಹೋಗುತ್ತದೆ.

ಇವತ್ತು ನಾನು ಹೇಳಲಿರುವುದರ ಬಹುಪಾಲು ಈ ಎರಡು ಚಿತ್ರಗಳಲ್ಲೇ ಇದೆ. ಕಯಾಕ್ ಎಂದರೆ ಕಾಲು ಮುಂದೆ ಮಾಡಿ ಕೂತು, ಎರಡು ತುದಿಗೂ ಅಲಗು (ನೀರಿಗಿಳಿಯುವ ಅಗಲ ಭಾಗ) ಇರುವ ಹುಟ್ಟಿನಿಂದ ನಡೆಸುವ ಕಿರಿದಾದ ದೋಣಿ. ಅದರ ಹುಟ್ಟು ನೀರನ್ನು ಹಿಂದಕ್ಕೆ ಎಳೆದುಹಾಕುವ ಸಲಿಕೆಯಲ್ಲ. ಅದು ನೀರಿನಲ್ಲಿ ನೆಡುವ ಗಳ. ಅದು ನಿಂತಿರಬೇಕು, ದೋಣಿ ಅದರತ್ತ ಬರಬೇಕು. ನೀರು ಕೆಸರಿನಷ್ಟು ಗಟ್ಟಿಯಲ್ಲದ ಕಾರಣ ಹುಟ್ಟು ಒಂದಿಷ್ಟು ಜಾರಿಯೇ ಜಾರುತ್ತದೆ. ಆ ಜಾರುವಿಕೆಯನ್ನು ಎಷ್ಟು ಕಡಿಮೆ ಮಾಡುತ್ತೀರಿ ಎನ್ನುವುದರ ಮೇಲೆ ನಿಮ್ಮ ಬೆವರಿಗೆ ಎಷ್ಟು ದೂರ ಸಿಗುತ್ತದೆ ಎನ್ನುವುದು ನಿಂತಿದೆ.

ಒಂದು ಸಣ್ಣ ಲೆಕ್ಕ ಹಾಕೋಣ. ಗಂಟೆಗೆ 6 ಕಿ.ಮೀ. ವೇಗದಲ್ಲಿ 10 ಕಿ.ಮೀ. ಹೋಗಲು 100 ನಿಮಿಷ ಬೇಕು. ಹುಟ್ಟನ್ನು ಒಮ್ಮೆ ನೀರಿಗಿಳಿಸಿ ಎತ್ತಿದರೆ ಒಂದು ಸ್ಟ್ರೋಕ್. ನಿಮಿಷಕ್ಕೆ ಎಡ-ಬಲ ಸೇರಿ 60 ಸ್ಟ್ರೋಕ್ ಎಂದರೆ ಒಟ್ಟು 6000 ಸ್ಟ್ರೋಕ್, ಒಂದೊಂದಕ್ಕೆ ದೋಣಿ ಸಾಗುವುದು ಸುಮಾರು 1.67 ಮೀಟರ್. ತೋಳಿನ ಸ್ನಾಯು ಸಣ್ಣದು. ಒಂದೊಂದು ಕಡೆಗೆ ಮೂರು ಮೂರು ಸಾವಿರ ಸಲ ಅದನ್ನೇ ದುಡಿಸಿದರೆ ಅರ್ಧ ದಾರಿಗೇ ಅದು ಕೈಕೊಡುತ್ತದೆ. ಸಾಲಿಗ್ರಾಮದ ಸೀತಾ ನದಿಯ ಹಿನ್ನೀರಿನಲ್ಲಿ, ಹೊನ್ನಾವರದ ಶರಾವತಿಯ ಕಾಂಡ್ಲಾ ಕಾಡಿನ ನಡುವೆ ಬಾಡಿಗೆ ಕಯಾಕ್ ಹಿಡಿದವರು ಮರುದಿನ ಮುಂಗೈ ಹಿಡಿದುಕೊಂಡು ಓಡಾಡುವುದಕ್ಕೆ ಕಾರಣ ಇದೇ. ಇದು ಶಕ್ತಿಯ ಕೊರತೆಯಲ್ಲ. ಶಕ್ತಿ ತಪ್ಪು ಸ್ನಾಯುವಿನಿಂದ ಬರುತ್ತಿದೆ, ಅಷ್ಟೆ.

ಇನ್ನೊಂದು ತುದಿಯ ಲೆಕ್ಕವನ್ನೂ ನೋಡಿ. ಟೋಕಿಯೊ ಒಲಿಂಪಿಕ್ಸ್‌ನ ಪುರುಷರ ಒಂಟಿ ಕಯಾಕ್ 1000 ಮೀಟರ್‌ನಲ್ಲಿ ಹಂಗೆರಿಯ ಬಾಲಿಂತ್ ಕೊಪಾಸ್ ಚಿನ್ನ ಗೆದ್ದದ್ದು ಸುಮಾರು 3 ನಿಮಿಷ 20 ಸೆಕೆಂಡಿನಲ್ಲಿ. ಅಂದರೆ ಗಂಟೆಗೆ 18 ಕಿ.ಮೀ. ಹತ್ತಿರ. ಆ ಮಟ್ಟದವರು ನಿಮಿಷಕ್ಕೆ 110 ಸ್ಟ್ರೋಕ್ ಹಾಕುತ್ತಾರೆ ಎಂದಿಟ್ಟುಕೊಂಡರೂ ಒಂದೊಂದಕ್ಕೆ 2.7 ಮೀಟರ್ ಆಯಿತು. ಕೈ ಬೇಗ ಆಡುತ್ತಿದೆ, ಜೊತೆಗೆ ಪ್ರತಿ ಸ್ಟ್ರೋಕ್ ದೂರವನ್ನೂ ಹೊಡೆಯುತ್ತಿದೆ. ಹೊಸಬರು ಇವರ ವಿಡಿಯೊ ನೋಡಿ ಕೈಯ ವೇಗವನ್ನಷ್ಟೇ ನಕಲು ಮಾಡುತ್ತಾರೆ. ಆಗ ಹುಟ್ಟು ನೀರನ್ನು ಕಡೆಯುತ್ತದೆ, ದೋಣಿ ಇದ್ದಲ್ಲೇ ಇರುತ್ತದೆ.

ಜಾರುವಿಕೆಯಿಂದ ನಷ್ಟ ಏಕೆ? ಕಡಿಮೆ ನೀರನ್ನು ಜೋರಾಗಿ ಹಿಂದಕ್ಕೆ ಎಸೆದೂ ದೋಣಿಯನ್ನು ಮುಂದೆ ತಳ್ಳಬಹುದು, ಹೆಚ್ಚು ನೀರನ್ನು ಮೆಲ್ಲಗೆ ಒತ್ತಿಯೂ ತಳ್ಳಬಹುದು. ಸಿಗುವ ಬಲ ನೀರಿನ ರಾಶಿ ಮತ್ತು ಅದಕ್ಕೆ ಕೊಟ್ಟ ವೇಗದ ಗುಣಲಬ್ಧ. ವ್ಯರ್ಥವಾಗುವ ಶಕ್ತಿಯಾದರೋ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎರಡರಷ್ಟು ನೀರನ್ನು ಅರ್ಧ ವೇಗದಲ್ಲಿ ಒತ್ತಿದರೆ ಬಲ ಅಷ್ಟೇ ಸಿಗುತ್ತದೆ, ವ್ಯರ್ಥ ಅರ್ಧಕ್ಕಿಳಿಯುತ್ತದೆ. ಅಲಗು ಪೂರ್ತಿ ಮುಳುಗಿರಬೇಕು ಎನ್ನುವುದಕ್ಕೂ ಅದು ನೀರಿನಲ್ಲಿ ನಿಂತಂತಿರಬೇಕು ಎನ್ನುವುದಕ್ಕೂ ಇಷ್ಟೇ ಕಾರಣ.

ದೋಣಿಯ ಕಡೆಯಿಂದಲೂ ಒಂದು ಕಟ್ಟುಪಾಡಿದೆ. ನೀರಿನ ಎಳೆತ ಹೆಚ್ಚುಕಡಿಮೆ ವೇಗದ ವರ್ಗದಂತೆ ಏರುವುದರಿಂದ ಬೇಕಾಗುವ ಶಕ್ತಿ ಘನದಂತೆ ಏರುತ್ತದೆ. ವೇಗವನ್ನು ಶೇ. 10 ಹೆಚ್ಚಿಸಲು ಶೇ. 33 ಹೆಚ್ಚು ಶಕ್ತಿ ಬೇಕು. ಇದರ ಮೇಲೆ ದೋಣಿ ತಾನೇ ಎಬ್ಬಿಸಿದ ಅಲೆಯೊಳಗೆ ಸಿಕ್ಕಿಕೊಳ್ಳುವ ಮಿತಿಯೂ ಇದೆ. ನೀರನ್ನು ಮುಟ್ಟುವ ಉದ್ದದ ವರ್ಗಮೂಲವನ್ನು ಮೀಟರಿನಲ್ಲಿ ತೆಗೆದು 4.5ರಿಂದ ಗುಣಿಸಿದರೆ ಆ ಮಿತಿ ಗಂಟೆಗೆ ಎಷ್ಟು ಕಿ.ಮೀ. ಎಂದು ಅಂದಾಜು ಸಿಗುತ್ತದೆ. 3 ಮೀಟರ್‌ನ ಬಾಡಿಗೆ ಕಯಾಕಿಗೆ 7.8, 5 ಮೀಟರ್‌ನ ಸಮುದ್ರ ಕಯಾಕಿಗೆ 10. ರೇಸಿನ ಕಡ್ಡಿಯಂಥ ಕಯಾಕ್‌ಗಳು ಇದನ್ನು ಮೀರುತ್ತವೆ, ಅಗಲದ ಪ್ಲಾಸ್ಟಿಕ್ ದೋಣಿಗಳು ಮೀರುವುದಿಲ್ಲ. ಮೂತಿಯ ಅಲೆ ದೊಡ್ಡದಾಗಿ ಹಿಂಬದಿ ಕುಸಿಯಲು ಶುರುವಾದರೆ ಸುಮ್ಮನೆ ಕೈ ನಿಧಾನ ಮಾಡಿ. ಅಲ್ಲಿಂದಾಚೆ ಹಾಕಿದ ಶ್ರಮ ಅಲೆ ಎಬ್ಬಿಸುವುದಕ್ಕೇ ಹೋಗುತ್ತದೆ.

ಇನ್ನು ಕೂರುವ ಬಗ್ಗೆ. ಬಾಡಿಗೆ ಕಯಾಕ್‌ಗಳ ಎತ್ತರದ ಒರಗು ಬೆನ್ನು ನೋಡಿದರೆ ಅದು ಆರಾಮ ಕುರ್ಚಿ ಅನ್ನಿಸುವುದು ಸಹಜ. ಅಲ್ಲಿಗೆ ಒರಗಿದಿರೋ, ನಡು ತಿರುಗುವುದು ನಿಂತಿತು, ಉಳಿದದ್ದು ತೋಳು ಮಾತ್ರ. ಪಟ್ಟಿ ಬಿಗಿದು ಆ ಒರಗನ್ನು ಬರೀ ಸೊಂಟಕ್ಕೆ ತಾಗುವಷ್ಟು ಮುಂದೆ ತನ್ನಿ. ಬೆನ್ನು ನೆಟ್ಟಗಿರಲಿ, ಸೊಂಟದಿಂದ ಮೇಲಿನ ಮೈ 5ರಿಂದ 10 ಡಿಗ್ರಿ ಮುಂದಕ್ಕೆ ಬಾಗಿರಲಿ. ತೊಡೆಯ ಹಿಂಭಾಗದ ಸ್ನಾಯು ಬಿಗಿಯಾಗಿದ್ದವರಿಗೆ ಹೀಗೆ ಕೂರುವುದು ಹತ್ತು ನಿಮಿಷಕ್ಕೇ ಕಷ್ಟ. ಅಂಥವರು ಮನೆಯಲ್ಲಿ ಕಾಲು ಚಾಚಿ ಮುಂದಕ್ಕೆ ಬಾಗುವ ಅಭ್ಯಾಸ ಮಾಡಬೇಕೇ ವಿನಾ ಬೇರೆ ಸೀಟು ಹುಡುಕಿ ಪ್ರಯೋಜನವಿಲ್ಲ.

ಕಾಲು ಊರುವ ಫುಟ್‌ರೆಸ್ಟ್ ಸೀಟಿಗಿಂತ ಮುಖ್ಯ. ಹುಟ್ಟು ಎಳೆಯುವುದು ನಿಮ್ಮನ್ನು, ದೋಣಿಯನ್ನಲ್ಲ. ನೆಟ್ಟ ಹುಟ್ಟಿನತ್ತ ನಿಮ್ಮ ಮೈ ಸರಿಯುತ್ತದೆ. ಆ ಮೈಯ ಬಲ ದೋಣಿಗೆ ಮುಟ್ಟುವ ದಾರಿ ನಿಮ್ಮ ಪಾದ. ಪಾದ ಏನನ್ನೂ ಒತ್ತುತ್ತಿಲ್ಲವಾದರೆ ನೀವು ಸೀಟಿನ ಮೇಲೆ ಮುಂದಕ್ಕೆ ಜಾರುತ್ತೀರಿ, ದೋಣಿಗೆ ಸುದ್ದಿಯೇ ಹೋಗುವುದಿಲ್ಲ. ಹಿಮ್ಮಡಿಗಳು ಹತ್ತಿರ, ಬೆರಳುಗಳು ತುಸು ಹೊರಕ್ಕೆ, ಮೊಣಕಾಲು ಮಡಿಸಿ ಕೂತು ಬಲಗಾಲಿನಿಂದ ಫುಟ್‌ರೆಸ್ಟ್ ಒತ್ತಿ ನೋಡಿ. ಬಲ ಸೊಂಟ ಸೀಟಿನಲ್ಲಿ ತುಸು ಹಿಂದಕ್ಕೆ ಹೋದರೆ ದೂರ ಸರಿಯಾಗಿದೆ. ಕಾಲು ಪೂರ್ತಿ ಚಾಚಿಹೋದರೆ ಫುಟ್‌ರೆಸ್ಟ್ ದೂರವಾಯಿತು. ಮೊಣಕಾಲು ಕೈಗೆ ಅಡ್ಡ ಬಂದರೆ ಹತ್ತಿರವಾಯಿತು.

ಹುಟ್ಟಿನ ಉದ್ದಕ್ಕೆ ನಿಮ್ಮ ಎತ್ತರದಷ್ಟೇ ದೋಣಿಯ ಅಗಲವೂ ಲೆಕ್ಕಕ್ಕೆ ಬರುತ್ತದೆ. 55ರಿಂದ 60 ಸೆಂ.ಮೀ. ಅಗಲದ ಸಮುದ್ರ ಕಯಾಕಿಗೆ 210ರಿಂದ 220 ಸೆಂ.ಮೀ. ಸಾಕು. ಮೇಲೆ ಕೂರುವ 75-80 ಸೆಂ.ಮೀ. ಅಗಲದ ದೋಣಿಗಳಿಗೆ 230-240 ಬೇಕು. ಗಿಡ್ಡ ಹುಟ್ಟು ಹಿಡಿದರೆ ದೋಣಿಯ ಅಂಚಿಗೆ ಬೆರಳಗಂಟು ತರಚುತ್ತದೆ. ತೀರಾ ಉದ್ದವಾದರೆ ಅಲಗು ದೋಣಿಯಿಂದ ದೂರ ಬಿದ್ದು ಮೂತಿಯನ್ನು ಅತ್ತಿತ್ತ ತಿರುಗಿಸುತ್ತದೆ.

ಹಿಡಿತ ಹೀಗೆ. ಹುಟ್ಟಿನ ದಂಡವನ್ನು ತಲೆಯ ಮೇಲಿಡಿ, ಎರಡೂ ಮೊಣಕೈ ಲಂಬಕೋನವಾಗುವಂತೆ ಹಿಡಿಯಿರಿ, ಎರಡು ಕಡೆಯ ಅಲಗಿಗೂ ಸಮದೂರ ಇದೆಯೇ ನೋಡಿ. ಆ ಜಾಗದಲ್ಲಿ ಇನ್ಸುಲೇಶನ್ ಟೇಪನ್ನು ಎರಡು ಸುತ್ತು ಸುತ್ತಿಬಿಡಿ, ದಣಿದಾಗ ಕೈ ಜಾರಿದ್ದು ಗೊತ್ತಾಗುತ್ತದೆ. ಅಲಗಿನ ತಗ್ಗು ಮುಖ ನಿಮ್ಮ ಕಡೆಗಿರಬೇಕು. ಅಲಗಿನ ಎರಡು ಅಂಚುಗಳಲ್ಲಿ ಒಂದು ಉದ್ದವಾಗಿದ್ದರೆ ಉದ್ದದ ಅಂಚು ಮೇಲೆ. ಕಂಪನಿಯ ಹೆಸರು ಅಲಗಿನ ಮೇಲಿದ್ದರೆ ಸಾಮಾನ್ಯವಾಗಿ ಅದು ತಲೆಕೆಳಗಾಗದೆ ಓದಲು ಸಿಗಬೇಕು. ದಂಡದ ನಡುವಿನ ಗುಂಡಿ ಒತ್ತಿ ಎರಡು ಅಲಗುಗಳ ನಡುವಿನ ಕೋನ ಬದಲಿಸುವ ಸೌಲಭ್ಯ ಇದ್ದರೆ ಕಲಿಯುವಾಗ ಸೊನ್ನೆಯಲ್ಲಿಡಿ. ಆ ಕೋನ ಹುಟ್ಟಿದ್ದು ಗಾಳಿಯಲ್ಲಿರುವ ಅಲಗು ಎದುರುಗಾಳಿಯನ್ನು ಸೀಳಿಕೊಂಡು ಹೋಗಲಿ ಎಂದು. ಹಿಂದೆಲ್ಲ 80-90 ಡಿಗ್ರಿ ಇಡುತ್ತಿದ್ದರು, ಈಗ ಬಹುತೇಕರು 60ರ ಒಳಗೇ ಇದ್ದಾರೆ. ಕೋನ ಹೆಚ್ಚಿದಷ್ಟೂ ಪ್ರತಿ ಸ್ಟ್ರೋಕಿಗೂ ಮಣಿಕಟ್ಟು ತಿರುಚಬೇಕಾಗುತ್ತದೆ, ಆರು ಸಾವಿರ ಸಲ.

ಈಗ ಸ್ಟ್ರೋಕ್. ಛತ್ರಿ ತಂದವರು ಹುಟ್ಟಿನ ಬದಲು ಅದನ್ನೇ ಎರಡೂ ಕೈಯಲ್ಲಿ ಅಡ್ಡ ಹಿಡಿಯಿರಿ. ಬಲಗಡೆಯದನ್ನೇ ನೋಡೋಣ.

ಬಲ ಭುಜವನ್ನು ಮುಂದೆ ತನ್ನಿ. ಕೈಯನ್ನಲ್ಲ, ಭುಜವನ್ನು. ಎದೆ ಎಡದಂಡೆಯನ್ನು ನೋಡಬೇಕು. ಲೈಫ್ ಜಾಕೆಟ್ಟಿನ ಜಿಪ್ ನೇರ ಮುಂದೆಯೇ ಇದ್ದರೆ ನೀವು ಇನ್ನೂ ತಿರುಗಿಲ್ಲ ಎಂದೇ ಅರ್ಥ. ಕಡೆಗೋಲಿನ ಹಗ್ಗ ಹಿಡಿದು ಮಜ್ಜಿಗೆ ಕಡೆಯುವಾಗ ಪಳಗಿದವರ ಹೆಗಲುಗಳು ಒಂದಾದ ಮೇಲೊಂದು ಹಿಂದೆ-ಮುಂದೆ ಹೋಗುತ್ತವಲ್ಲ, ಆ ಚಲನೆ. ಬಲಗೈ ಹೆಚ್ಚುಕಡಿಮೆ ನೇರ, ಮೊಣಕೈಯಲ್ಲಿ ಸಣ್ಣ ಬಾಗು. ಎಡಗೈ ಕಣ್ಣಿನ ಮಟ್ಟದಲ್ಲಿ. ದೂರ ಹೋಗುವ ನಿಧಾನದ ಪ್ರಯಾಣವಾದರೆ ಭುಜದ ಮಟ್ಟಕ್ಕೆ ಇಳಿಸಬಹುದು. ಅಲಗು ಬಲಪಾದದ ಪಕ್ಕದಲ್ಲಿ, ದೋಣಿಯ ಮೈಗೆ ತಾಗುವಷ್ಟು ಹತ್ತಿರ, ನೀರಿನ ಮೇಲೆ ಸಿದ್ಧವಾಗಿದೆ.

ನೆಡುವುದು ಮುಂದಿನ ಕೆಲಸ. ಇಡೀ ತಂತ್ರದಲ್ಲಿ ಅತಿ ಹೆಚ್ಚು ಕೆಡುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಲ್ಲೋಣ. ಎರಡೂ ಕೈ ಒಟ್ಟಿಗೆ ಇಳಿದು ಅಲಗು ಈಟಿಯ ಹಾಗೆ ನೀರಿಗೆ ಹೋಗಬೇಕು. ಹೊಡೆಯುವುದಲ್ಲ, ಎಳೆಯುವುದೂ ಅಲ್ಲ, ಬರೀ ಇಳಿಯುವುದು. ಅಲಗು ದಂಡಕ್ಕೆ ಸೇರುವ ಕುತ್ತಿಗೆಯವರೆಗೆ ಮುಳುಗಿದ ಮೇಲಷ್ಟೇ ಬಲ ಹಾಕಬೇಕು. ಹೆಚ್ಚಿನವರು ಅಲಗು ಅರ್ಧ ಮುಳುಗಿರುವಾಗಲೇ ಎಳೆಯಲು ಶುರು ಮಾಡುತ್ತಾರೆ. ಆಗ ಅಲಗಿನ ಬೆನ್ನ ಹಿಂದೆ ಗಾಳಿ ಕೆಳಗಿಳಿಯುತ್ತದೆ. ಗಾಳಿ ಸೇರಿದ ನೀರಿನಲ್ಲಿ ಹಿಡಿತವಿಲ್ಲ, ಅಲಗು ಸರ್ರನೆ ಹಿಂದಕ್ಕೆ ಬರುತ್ತದೆ. ಇದನ್ನು ಕಿವಿಯಿಂದಲೇ ಹಿಡಿಯಬಹುದು. ಚಪ್ ಎಂದು ಸದ್ದಾದರೆ ಅಲಗು ಚಪ್ಪಟೆಯಾಗಿ ಬಡಿದಿದೆ. ಗುಳುಗುಳು ಎಂದರೆ ಗಾಳಿ ಎಳೆದುಕೊಂಡಿದೆ. ಸದ್ದೇ ಇಲ್ಲದೆ ಒಳಹೋದರೆ ಸರಿಯಾಗಿ ನೆಟ್ಟಿದ್ದೀರಿ. ಬೆಳಗ್ಗೆ ಗಾಳಿಯಿಲ್ಲದ ಹಿನ್ನೀರಿನಲ್ಲಿ ಕಣ್ಣು ಮುಚ್ಚಿ ಹತ್ತು ಸ್ಟ್ರೋಕ್ ಹಾಕಿದರೆ ಯಾವ ಕೋಚೂ ಹೇಳದಷ್ಟನ್ನು ಈ ಸದ್ದು ಹೇಳುತ್ತದೆ.

ನೆಟ್ಟಾಯಿತು. ಇನ್ನು ಬಲಪಾದ ಫುಟ್‌ರೆಸ್ಟನ್ನು ಒತ್ತಬೇಕು. ಹುಟ್ಟು ಬಲಕ್ಕಿದ್ದಾಗ ಬಲಗಾಲು, ಎಡಕ್ಕಿದ್ದಾಗ ಎಡಗಾಲು. ಬಲ ಮೊಣಕಾಲು ತುಸು ಇಳಿಯುತ್ತದೆ, ಎಡದ್ದು ಏಳುತ್ತದೆ, ಬಲ ಸೊಂಟ ಹಿಂದೆ ಸರಿಯುತ್ತದೆ, ಅದರ ಹಿಂದೆಯೇ ನಡು ಬಿಚ್ಚಿಕೊಳ್ಳುತ್ತದೆ. ತಿರುಚಿದ ಬಟ್ಟೆಯನ್ನು ಬಿಟ್ಟಾಗ ಅದು ಸುತ್ತು ಬಿಚ್ಚಿಕೊಳ್ಳುವ ಹಾಗೆ. ಈ ಹೊತ್ತಿನಲ್ಲಿ ಬಲಗೈ ಹಗ್ಗ, ಅಷ್ಟೆ: ಭುಜವನ್ನು ಹುಟ್ಟಿಗೆ ಕಟ್ಟಿರುವ ಹಗ್ಗ. ಅದು ಮೊಣಕಾಲು ದಾಟುವವರೆಗೆ ಬಾಗಬಾರದು. ಮೊದಲೇ ಬಾಗಿದರೆ ಕೆಲಸ ಬೆನ್ನಿನಿಂದ ತೋಳಿಗೆ ಬಂತೆಂದು ಲೆಕ್ಕ.

ಮೇಲಿನ ಕೈ ಏನು ಮಾಡಬೇಕು? ಕಣ್ಣಿನ ಮಟ್ಟದಲ್ಲೇ ಎಡದಿಂದ ಬಲಕ್ಕೆ ದೋಣಿಯ ನಡುಗೆರೆಯವರೆಗೆ ಸಾಗಬೇಕು. ಬಾಕ್ಸಿಂಗ್ ಗುದ್ದಿನಂತೆ ಮುಂದಕ್ಕೆ ಚುಚ್ಚಬಾರದು. ಚುಚ್ಚಿದರೆ ದಂಡ ಬೇಗ ಮಗುಚಿ ಅಲಗು ಹೊತ್ತಿಗೆ ಮುಂಚೆಯೇ ಮೇಲೇಳುತ್ತದೆ. ಮೇಲಿನ ಕೈಯ ಬೆರಳುಗಳನ್ನು ಬಿಡಿಸಿ ಅಂಗೈಯಿಂದ ಮಾತ್ರ ಒತ್ತಿ ನೋಡಿ. ಗಟ್ಟಿಯಾಗಿ ಹಿಡಿಯುವ ಅಗತ್ಯವೇ ಇರಲಿಲ್ಲ ಎಂದು ತಿಳಿಯುತ್ತದೆ. ಮಣಿಕಟ್ಟಿನ ಹೆಬ್ಬೆರಳ ಕಡೆ ಬಾವು ಬಂದು ಕರಕರ ಎನ್ನುವ ನೋವಿಗೆ ಮುಖ್ಯ ಕಾರಣ ಈ ಬಿಗಿ ಮುಷ್ಟಿ ಮತ್ತು ಬಾಗಿದ ಮಣಿಕಟ್ಟು. ದಂಡವನ್ನು ಬೆರಳಿನ ಕೊಕ್ಕೆಯಲ್ಲಿ ತೂಗುಹಾಕಿಕೊಂಡಿರಿ, ಹಿಂಡಬೇಡಿ.

ಮೇಲೆತ್ತುವುದು ಎರಡನೇ ದೊಡ್ಡ ತಪ್ಪಿನ ಜಾಗ. ಅಲಗು ಸೊಂಟದ ಪಕ್ಕಕ್ಕೆ ಬಂದಾಗ ಅದು ನೀರಿನಿಂದ ಹೊರಗಿರಬೇಕು. ಅಂದರೆ ಕೈ ತೊಡೆಯ ನಡುವಿಗೆ ಬರುವಾಗಲೇ ಎತ್ತಲು ಶುರು ಮಾಡಬೇಕು. ನಮ್ಮ ಮನಸ್ಸು ಒಪ್ಪುವುದಿಲ್ಲ: ಉದ್ದ ಎಳೆದರೆ ಹೆಚ್ಚು ದೂರ ಎಂದು ನಂಬಿ ಅಲಗನ್ನು ಬೆನ್ನ ಹಿಂದಿನವರೆಗೂ ಒಯ್ಯುತ್ತೇವೆ. ಕೋನದ ಲೆಕ್ಕ ನೋಡಿ. ದಂಡ ನೆಟ್ಟಗಿದ್ದಾಗ ಬಲವೆಲ್ಲ ದೋಣಿಯನ್ನು ಮುಂದೆ ಒಯ್ಯಲು. ಅದು ಹಿಂದಕ್ಕೆ 30 ಡಿಗ್ರಿ ವಾಲಿದಾಗ ಮುಂದಕ್ಕೆ ಸಿಗುವುದು ಶೇ. 87, ಆಗಲೇ ಅರ್ಧದಷ್ಟು ಬಲ ನೀರನ್ನು ಮೇಲೆತ್ತುತ್ತಿದೆ. 45ರಲ್ಲಿ ಎರಡೂ ಸಮ, ಶೇ. 71. 60ಕ್ಕೆ ಬಂದರೆ ಮುಂದಕ್ಕೆ ಅರ್ಧ, ಎತ್ತುವುದಕ್ಕೆ ಶೇ. 87. ಸೌಟಿನಿಂದ ಸಾರು ಎತ್ತಿದ ಹಾಗೆ ನೀವು ನದಿಯನ್ನು ಎತ್ತುತ್ತಿದ್ದೀರಿ. ಎತ್ತಿದ ನೀರಿನ ಭಾರಕ್ಕೆ ದೋಣಿಯ ಹಿಂಬದಿ ತಗ್ಗುತ್ತದೆ, ಪ್ರತಿ ಸ್ಟ್ರೋಕಿಗೂ ದೋಣಿ ತೊನೆಯುತ್ತದೆ. ಜೊತೆಗೆ ಅಲಗು ಹಿಂದೆ ಹೋದಂತೆ ದೋಣಿಯಿಂದ ಹೊರಕ್ಕೂ ಹೋಗಿ ಮೂತಿಯನ್ನು ಎದುರು ಬದಿಗೆ ತಿರುಗಿಸುತ್ತದೆ. ದೋಣಿ ಹಾವಿನಂತೆ ಹರಿಯುತ್ತದೆ ಎಂದು ದೂರುವವರಲ್ಲಿ ಬಹುಪಾಲು ಜನರ ಕಾಯಿಲೆ ಇದೇ. ಚುಕ್ಕಾಣಿ ಹಾಕಿಸಿಕೊಳ್ಳುವ ಮೊದಲು ಅಲಗನ್ನು ಬೇಗ ಎತ್ತಿ ನೋಡಿ.

ಎತ್ತುವಾಗ ಹಿಂದಕ್ಕಲ್ಲ, ಪಕ್ಕಕ್ಕೆ. ಮೊಣಕೈ ಹೊರಕ್ಕೆ ಏಳುತ್ತದೆ, ಅಲಗಿನ ಅಂಚು ನೀರನ್ನು ಸೀಳಿಕೊಂಡು ಬರುತ್ತದೆ. ಸರಿಯಾಗಿ ಬಂದರೆ ಅಲಗಿನಲ್ಲಿ ನೀರು ಉಳಿಯುವುದಿಲ್ಲ. ಹಿಂದೆ ಕೂತವರ ಮುಖಕ್ಕೆ ನೀರು ಎರಚುತ್ತಿದ್ದರೆ ನೀವು ಇನ್ನೂ ಸಾರು ಬಡಿಸುತ್ತಿದ್ದೀರಿ.

ಈಗ ನಿಮ್ಮ ಛತ್ರಿ ಎಲ್ಲಿದೆ ನೋಡಿ. ಬಲ ಭುಜ ಹಿಂದೆ ಹೋಗಿದೆ, ಅಂದರೆ ಎಡ ಭುಜ ತಾನಾಗಿ ಮುಂದೆ ಬಂದಿದೆ. ಎಡದ ಸ್ಟ್ರೋಕಿಗೆ ಬೇರೆ ಸಿದ್ಧತೆ ಬೇಕಿಲ್ಲ. ಇಲ್ಲಿ ಅರೆಗಳಿಗೆ ಬಿಡುವಿದೆ, ದೋಣಿ ತನ್ನಷ್ಟಕ್ಕೆ ಜಾರುತ್ತಿರುತ್ತದೆ. ಬೆರಳು ಸಡಿಲಿಸಲು ಇದೇ ಹೊತ್ತು. ಹೊಸಬರಲ್ಲಿ ಈ ಬಿಡುವೇ ಕಾಣುವುದಿಲ್ಲ.

ಅಲಗಿನ ಆಕಾರ ಬದಲಾದರೆ ಈ ಹಾದಿಯೂ ಬದಲಾಗುತ್ತದೆ. 1980ರ ದಶಕದ ಮಧ್ಯದಲ್ಲಿ ಸ್ವೀಡನ್ನಿನಿಂದ ಬಂದ ವಿಂಗ್ ಪ್ಯಾಡಲ್ ಎಂಬ ಹುಟ್ಟಿನ ಅಲಗು ವಿಮಾನದ ರೆಕ್ಕೆಯ ಅಡ್ಡಕೊಯ್ತದಂತಿದೆ, ಕೆಲವೇ ವರ್ಷಗಳಲ್ಲಿ ಸ್ಪ್ರಿಂಟ್ ಕಯಾಕಿಂಗ್‌ನಲ್ಲಿ (ಕಡಿಮೆ ದೂರದ ವೇಗದ ರೇಸು) ಹಳೆಯ ಚಪ್ಪಟೆ ಅಲಗನ್ನು ಮೂಲೆಗೆ ಸರಿಸಿತು. ಅದು ದೋಣಿಯ ಪಕ್ಕ ನೆಟ್ಟು ಮುಂದುವರಿದಂತೆ ತಾನಾಗಿ ಹೊರಕ್ಕೆ ಸರಿಯುತ್ತದೆ. ಆ ಪಕ್ಕದ ಚಲನೆಯಿಂದ ರೆಕ್ಕೆಯಂತೆ ಬಲ ಹುಟ್ಟುವ ಕಾರಣ ಹಿಂದಕ್ಕೆ ಜಾರುವುದು ಇನ್ನೂ ಕಡಿಮೆ. ಅದನ್ನು ಚಪ್ಪಟೆ ಅಲಗಿನಂತೆ ದೋಣಿಗೆ ಅಂಟಿಸಿ ಹಿಂದೆ ಎಳೆದರೆ ಕೈಯಲ್ಲಿ ನಡುಗುತ್ತದೆ. ಗ್ರೀನ್‌ಲ್ಯಾಂಡಿನ ಇನ್ಯೂಟ್ ಜನರ ಹುಟ್ಟು ಇದಕ್ಕೆ ತದ್ವಿರುದ್ಧ: ಮರದ ಕಿರಿದಾದ ಪಟ್ಟಿ, ಅಗಲ ಅಂಗೈಯಷ್ಟೇ. ದಂಡವನ್ನು ತಗ್ಗಿನಲ್ಲಿಟ್ಟು, ಅಲಗಿನ ಮೇಲಂಚನ್ನು ತುಸು ಮುಂದಕ್ಕೆ ವಾಲಿಸಿ ಹಾಕುತ್ತಾರೆ. ದಿನವಿಡೀ ಹೋಗುವವರ ಭುಜಕ್ಕೆ ಅದು ದಯಾಳು.

ಕಯಾಕಿನ ನೆಂಟ ದೋಣಿ ಕೆನೂ ಬಗ್ಗೆ ಎರಡು ಮಾತು. ಅದರ ಹುಟ್ಟಿಗೆ ಒಂದೇ ಅಲಗು, ಹಾಕುವುದು ಒಂದೇ ಬದಿಗೆ. ನೆಡುವುದು, ನಡು ತಿರುಗಿಸುವುದು, ಸೊಂಟದ ಬಳಿ ಎತ್ತುವುದು ಎಲ್ಲ ಇದೇ. ಆದರೆ ದೋಣಿ ಪ್ರತಿ ಸಲವೂ ಎದುರು ಬದಿಗೆ ತಿರುಗುತ್ತದೆ. ಅದನ್ನು ಸರಿಪಡಿಸಲು ಸ್ಟ್ರೋಕಿನ ಕೊನೆಯಲ್ಲಿ ಮೇಲಿನ ಕೈಯ ಹೆಬ್ಬೆರಳನ್ನು ಕೆಳಕ್ಕೆ ತಿರುಗಿಸಿ ಅಲಗನ್ನು ಹೊರಕ್ಕೆ ಒತ್ತುತ್ತಾರೆ. ಅಲಗಿನ ಹಾದಿ ಇಂಗ್ಲಿಷಿನ ಜೆ ಅಕ್ಷರದಂತಾಗುವುದರಿಂದ ಜೆ-ಸ್ಟ್ರೋಕ್. ದೂರದ ರೇಸಿನವರು ಈ ತಿದ್ದುಪಡಿಗೂ ಸಮಯ ಕೊಡದೆ ಆರೆಂಟು ಸ್ಟ್ರೋಕಿಗೊಮ್ಮೆ ಕೂಗಿ ಬದಿ ಬದಲಿಸುತ್ತಾರೆ. ಅವರ ಹುಟ್ಟಿನ ಕುತ್ತಿಗೆ 10ರಿಂದ 14 ಡಿಗ್ರಿ ಬಾಗಿರುತ್ತದೆ. ಮಿನ್ನೆಸೋಟದ ಜೀನ್ ಜೆನ್ಸನ್ 1970ರ ದಶಕದಲ್ಲಿ ರೂಢಿಗೆ ತಂದ ವಿನ್ಯಾಸ ಅದು. ಆ ಬಾಗು ಏಕೆಂದು ಈಗ ನೀವೇ ಹೇಳಬಲ್ಲಿರಿ: ದಂಡ ಹಿಂದಕ್ಕೆ ವಾಲಿದಾಗಲೂ ಅಲಗು ನೆಟ್ಟಗಿರಲಿ ಎಂದು. ಸ್ಪ್ರಿಂಟ್ ಕೆನೂದಲ್ಲಿ ಒಂದು ಮೊಣಕಾಲೂರಿ ಎತ್ತರದಲ್ಲಿ ನಿಲ್ಲುತ್ತಾರೆ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಅರ್ಜುನ್ ಸಿಂಗ್ ಮತ್ತು ಸುನಿಲ್ ಸಿಂಗ್ ಕಂಚು ಗೆದ್ದದ್ದು ಈ ಬಗೆಯ ಜೋಡಿ ಕೆನೂದ 1000 ಮೀಟರ್‌ನಲ್ಲೇ.

ಅಭ್ಯಾಸಕ್ಕೆ ಬರೋಣ. ನೀರಿಗಿಳಿದ ಮೊದಲ ಹತ್ತು ನಿಮಿಷ ವೇಗದ ಯೋಚನೆ ಬಿಡಿ. ಎರಡೂ ಮೊಣಕೈ ಬಾಗದಂತೆ ಬಿಗಿಹಿಡಿದು ಇಪ್ಪತ್ತು ಸ್ಟ್ರೋಕ್ ಹಾಕಿ. ನೋಡಲು ಗೊಂಬೆಯಾಟದ ಗೊಂಬೆಯಂತೆ ಕಾಣುತ್ತೀರಿ, ಕಾಣಲಿ. ನಡು ತಿರುಗದೆ ಹುಟ್ಟು ಹಾಕಲು ಆಗುವುದೇ ಇಲ್ಲ, ಅದಕ್ಕೇ ಈ ಕಸರತ್ತು. ಆಮೇಲೆ ಪ್ರತಿ ಸಲ ನೆಡುವ ಮುನ್ನ ಹುಟ್ಟನ್ನು ಗಾಳಿಯಲ್ಲಿ ಎರಡು ಎಣಿಕೆ ನಿಲ್ಲಿಸಿ: ಭುಜ ಮುಂದೆ ಬಂದಿದೆಯೇ, ಅಲಗು ಪಾದದ ಪಕ್ಕದಲ್ಲಿದೆಯೇ, ಮೇಲಿನ ಕೈ ಕಣ್ಣಿನ ಮಟ್ಟದಲ್ಲಿದೆಯೇ ನೋಡಿ. ಮೂರೂ ಸರಿಯಿದ್ದರೆ ಮಾತ್ರ ಇಳಿಸಿ. ದೋಣಿ ಓಲಾಡುವುದರಿಂದ ಸಮತೋಲನವೂ ಇದರಲ್ಲೇ ಪಳಗುತ್ತದೆ.

ಸುಧಾರಣೆಯನ್ನು ಅಳೆಯಲು ಗಡಿಯಾರಕ್ಕಿಂತ ಎಣಿಕೆ ಒಳ್ಳೆಯದು. ಹರಿವಿಲ್ಲದ ನೀರಿನಲ್ಲಿ ಫೋನಿನ ಜಿಪಿಎಸ್ ನೋಡಿ 200 ಮೀಟರ್ ಗುರುತು ಮಾಡಿಕೊಳ್ಳಿ, ಹಾಯಾದ ವೇಗದಲ್ಲಿ ಎಷ್ಟು ಸ್ಟ್ರೋಕ್ ಬೇಕು ಎಣಿಸಿ. ನಮ್ಮ ಮೊದಲಿನ ಲೆಕ್ಕದಂತೆ 120 ಬರಬೇಕು. 150 ಬಂದರೆ ಅಲಗು ಜಾರುತ್ತಿದೆ. ಅದೇ ಸಮಯದಲ್ಲಿ, ಅದೇ ದೋಣಿಯಲ್ಲಿ ಎಣಿಕೆ ಇಳಿಯುತ್ತಾ ಬಂದರೆ ಕಲಿಯುತ್ತಿದ್ದೀರಿ. ದಡದಲ್ಲಿರುವ ಸ್ನೇಹಿತರ ಕೈಗೆ ಫೋನ್ ಕೊಟ್ಟು ಎದುರಿನಿಂದ ಒಂದು, ಪಕ್ಕದಿಂದ ಒಂದು ವಿಡಿಯೊ ತೆಗೆಸಿಕೊಳ್ಳಿ. ಎದುರಿನದರಲ್ಲಿ ಜಾಕೆಟ್ಟಿನ ಜಿಪ್ ಎರಡೂ ದಂಡೆಗೆ ಸಮನಾಗಿ ತಿರುಗುತ್ತದೆಯೇ ನೋಡಿ. ಬಹಳ ಮಂದಿಯಲ್ಲಿ ಒಂದು ಕಡೆ ಕಡಿಮೆ ತಿರುಗುತ್ತದೆ, ದೋಣಿ ಒಂದೇ ಕಡೆಗೆ ಎಳೆಯುವುದರ ಗುಟ್ಟು ಅಲ್ಲಿರುತ್ತದೆ. ಪಕ್ಕದ ವಿಡಿಯೊದಲ್ಲಿ ಅಲಗು ಎಲ್ಲಿ ಮುಳುಗಿತು, ಎಲ್ಲಿ ಎದ್ದಿತು ಎಂದು ಚಿತ್ರ ನಿಲ್ಲಿಸಿ ನೋಡಿ. ಬೇಗ ಎತ್ತುತ್ತಿದ್ದೇನೆ ಅಂದುಕೊಂಡವರ ಅಲಗೂ ಪೃಷ್ಠದ ಹಿಂದೆ ಇರುತ್ತದೆ.

ಕೊನೆಯಲ್ಲಿ ಸಭಿಕರು ಕೇಳಿದ ಮೂರು ಪ್ರಶ್ನೆಗಳನ್ನೂ ಇಲ್ಲಿ ಸೇರಿಸಿದೆ.

ಜೋಡಿ ಕಯಾಕಿನಲ್ಲಿ ಗಂಡ-ಹೆಂಡತಿ ಜಗಳವಾಡದೆ ಹೋಗುವುದು ಹೇಗೆ ಎಂದು ಒಬ್ಬರು ಕೇಳಿದರು. ತಾಳ ಮುಂದಿನವರದು. ಹಿಂದಿನವರು ಅವರ ಹುಟ್ಟನ್ನಲ್ಲ, ಹೆಗಲನ್ನು ನೋಡುತ್ತಾ ಅದೇ ಬದಿಗೆ ಅದೇ ಕ್ಷಣಕ್ಕೆ ನೆಡಬೇಕು. ಹುಟ್ಟುಗಳು ಬಡಿದಾಡಿದರೆ ತಪ್ಪು ಹಿಂದಿನವರದೇ, ಏಕೆಂದರೆ ಮುಂದಿನವರಿಗೆ ಬೆನ್ನಲ್ಲಿ ಕಣ್ಣಿಲ್ಲ. ತೂಕ ಹೆಚ್ಚಿರುವವರು, ದಿಕ್ಕು ತಿದ್ದಬಲ್ಲವರು ಹಿಂದೆ. ಮುಂದಿನವರು ತಾಳವನ್ನು ಪದೇ ಪದೇ ಬದಲಿಸಬಾರದು, ಹಿಂದಿನವರು ಸೂಚನೆ ಕೊಡುತ್ತಾ ಕೂರಬಾರದು.

ಭುಜ ಒಮ್ಮೆ ಕಳಚಿದ್ದವರು ಹುಟ್ಟು ಹಾಕಬಹುದೇ ಎಂಬ ಪ್ರಶ್ನೆ ಬಂತು. ವೈದ್ಯರು ಒಪ್ಪಿದ ಮೇಲೆ. ಎರಡು ತೋಳು, ಎದೆ, ದಂಡ ಸೇರಿ ಒಂದು ಪೆಟ್ಟಿಗೆ ಎಂದುಕೊಳ್ಳಿ. ಆ ಪೆಟ್ಟಿಗೆ ಮುರಿಯದ ಹಾಗೆ ಅದನ್ನು ಇಡಿಯಾಗಿ ತಿರುಗಿಸಬೇಕು. ಕೈ ಭುಜದ ಗೆರೆಯ ಹಿಂದೆ ಹೋದಾಗ ಮತ್ತು ತಲೆಯ ಮೇಲಕ್ಕೆ ಹೋದಾಗ ಕೀಲು ದುರ್ಬಲ. ದಂಡವನ್ನು ತಗ್ಗಿನಲ್ಲಿಟ್ಟು ಹಾಕುವ ಸ್ಟ್ರೋಕ್ ಅವರಿಗೆ ಒಳ್ಳೆಯದು.

ಅಳಿವೆಯ ಹತ್ತಿರ ಇಳಿತಕ್ಕೆ ಸಿಕ್ಕಿದರೆ ಸ್ಟ್ರೋಕ್ ಉದ್ದ ಮಾಡಬೇಕೇ ಎಂದು ಇನ್ನೊಬ್ಬರು ಕೇಳಿದರು. ಬೇಡ, ಗಿಡ್ಡ ಮಾಡಿ. ಎದುರು ಹರಿವಿನಲ್ಲಿ, ಎದುರುಗಾಳಿಯಲ್ಲಿ ನೀವು ಬಿಡುವು ಕೊಟ್ಟಷ್ಟು ಹೊತ್ತು ದೋಣಿ ಹಿಂದೆ ಹೋಗುತ್ತದೆ. ಪಾದದ ಬಳಿ ನೆಟ್ಟು ಮೊಣಕಾಲು ದಾಟುತ್ತಲೇ ಎತ್ತಿ, ಎಣಿಕೆ ನಿಮಿಷಕ್ಕೆ 70-75ಕ್ಕೆ ಏರಲಿ. ಗಾಳಿ ಇದ್ದರೆ ಮೇಲಿನ ಕೈ ಭುಜದ ಮಟ್ಟಕ್ಕೆ ಇಳಿಯಲಿ. ನಡುಹೊಳೆ ಬಿಟ್ಟು ದಂಡೆಯ ಬದಿಗೆ, ತಿರುವಿನ ಒಳಮಗ್ಗುಲಿಗೆ ಸರಿಯಿರಿ, ಅಲ್ಲಿ ಹರಿವು ಮಂದ. ಗಂಟೆಗೆ 5 ಕಿ.ಮೀ. ಹೋಗಬಲ್ಲವರಿಗೆ 3 ಕಿ.ಮೀ. ಹರಿವು ಎದುರಾದರೆ ಉಳಿಯುವುದು 2 ಮಾತ್ರ. ನಮ್ಮ ಕರಾವಳಿಯಲ್ಲಿ ಭರತದಿಂದ ಇಳಿತದ ತುದಿಗೆ ಆರು ಗಂಟೆಗಿಂತ ತುಸು ಹೆಚ್ಚು. ಹೊರಡುವ ಮೊದಲು ಆ ದಿನದ ಭರತ ಎಷ್ಟು ಹೊತ್ತಿಗೆ ಎಂದು ದೋಣಿಯವರನ್ನು ಕೇಳಿಕೊಂಡು, ವಾಪಸು ಬರುವ ದಾರಿ ನೀರಿನ ಜೊತೆಗೇ ಇರುವಂತೆ ಹೊರಡಿ.